ಕೊಸರಿಲ್ಲದ ಪಟ್ಟಿ

ಕಾಯಿಪಲ್ಲೆ ಚೀಲದ ಬಾಯಿಯನ್ನು ಯಾವಾಗ ಮುಚ್ಚಬೇಕು ಅನ್ನುವುದನ್ನು ನನಗೆ ಕಲಿಸಿದವಳು ನಮ್ಮವ್ವ. ಕಂಪ್ಲಿಯ ಸಂತೆಯಲ್ಲಿ, ನನಗೆ ಏಳೋ ಎಂಟೋ ವರ್ಷ ಇದ್ದಾಗ. ಬದನೆಕಾಯಿ ತೂಗಿ ಚೀಲಕ್ಕೆ ಸುರಿದದ್ದೇ ತಡ, ನಾನು ಚೀಲದ ಕಿವಿ ಹಿಡಿದು ಮೇಲೆತ್ತಿಬಿಟ್ಟೆ. ಅವ್ವ ನನ್ನ ಕೈಮೇಲೆ ಪಟ್ಟನೆ ಒಂದು ಕೊಟ್ಟಳು. "ಏನ್ ಅವಸ್ರ ಬಂದೈತಿ ನಿನಗ? ಆಕಿ ಇನ್ನಾ ಕೊಸರು ಹಾಕಿಲ್ಲ" ಅಂದಳು. ಮಾರುವಾಕೆ ನಕ್ಕು, ಎರಡು ಬದನೆಕಾಯಿ ಮತ್ತೆ ಎತ್ತಿ ಚೀಲಕ್ಕೆ ಹಾಕಿದಳು.

ಕೊಸರಿನ ವಿಷಯದಲ್ಲಿ ಅವ್ವನ ಕಾನೂನು ಬಿಗಿ. ಬಾಯಿಬಿಟ್ಟು ಕೇಳಿದರೆ ಅದು ತಿರುಪೆ. ತೂಕ ಆದ ಕೂಡಲೇ ಚೀಲ ಮುಚ್ಚಿದರೆ ಸೊಕ್ಕು. ಚೀಲದ ಬಾಯಿ ಅಗಲಿಸಿ ಹಿಡಿದು, ಮುಖ ಅತ್ತ ತಿರುಗಿಸಿ, ಕಾಲುವೆಗೆ ನೀರು ಯಾವಾಗ ಬಿಡ್ತಾರಂತೆ ಎಂದೇನೋ ಮಾತು ತೆಗೆದು ನಿಲ್ಲಬೇಕು. ಕೊಸರು ತಾನಾಗಿ ಬೀಳುತ್ತದೆ. ಬಿದ್ದದ್ದನ್ನು ಬಗ್ಗಿ ನೋಡಬಾರದು. ನೋಡಿದರೆ ಎಣಿಸಿದ ಹಾಗೆ, ಎಣಿಸಿದರೆ ಅದು ಕೊಸರಲ್ಲ.

ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ಈ ವಿದ್ಯೆ ನನಗೆ ಭಾಳ ಕೆಲಸಕ್ಕೆ ಬಂತು. ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚೇ ಬಂತು ಅನ್ನಿ. ಮಾರ್ಕೆಟ್ಟಿನಲ್ಲಿ ಬುಕ್ಕಸಾಗರದ ಒಬ್ಬ ಯಕ್ಕ ಕೂರುತ್ತಿದ್ದಳು. ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬರುವಾಕೆ. ಪುಂಡಿಪಲ್ಯ, ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ, ಮಗ್ಗುಲಿಗೆ ಒಂದು ಗೊನೆ ಸುಗಂಧಿ ಬಾಳೆಹಣ್ಣು. ಬಾಯಿ ಅಂದರೆ ಬಾಯಿ. ಚೌಕಾಸಿ ಮಾಡಿದವರ ಮೂರು ತಲೆಮಾರು ಜಾಲಾಡಿಬಿಡುತ್ತಿದ್ದಳು. ತಕ್ಕಡಿಯಲ್ಲಿ ಒಂದು ಮೆಣಸಿನಕಾಯಿ ಹೆಚ್ಚು ಬಿದ್ದರೂ ಹೆಕ್ಕಿ ತೆಗೆದು ಬುಟ್ಟಿಗೆ ಹಾಕುವಾಕೆ, ತೂಕ ಮುಗಿದ ಮೇಲೆ ಮಾತ್ರ ಹಿಡಿ ತುಂಬ ಎತ್ತಿ ನನ್ನ ಚೀಲಕ್ಕೆ ಹಾಕುತ್ತಿದ್ದಳು.

ನನಗೆ ತಡೆಯಲಿಲ್ಲ, ಒಮ್ಮೆ ಕೇಳಿಯೇಬಿಟ್ಟೆ. "ಯಕ್ಕಾ, ಒಂದು ಕಾಯಿ ಹೆಚ್ಚಾತು ಅಂತ ತೆಗೀತಿ, ಆಮ್ಯಾಲ ಹತ್ತು ಹಾಕ್ತಿ. ಏನ್ ಲೆಕ್ಕ ಇದು?"

"ಅದು ಯಾಪಾರ. ಇದು ನಂದು-ನಿಂದು" ಅಂದಳು. ನನ್ನಂಥ ದಡ್ಡಿಯನ್ನು ಆಕೆ ಅದುವರೆಗೂ ನೋಡಿರಲಿಲ್ಲ ಅನ್ನುವ ಮುಖ ಮಾಡಿದ್ದಳು.

ನನ್ನ ಮಗಳು ನಡೆಯಲು ಕಲಿತ ಮೇಲೆ ಕೊಸರಿನಲ್ಲಿ ಆಕೆಗೂ ಪಾಲು ಬಂತು. ಹೋದಾಗಲೆಲ್ಲ ಒಂದು ಸುಗಂಧಿ ಬಾಳೆಹಣ್ಣು. ಗೊನೆಯಿಂದ ಮುರಿದು, ಸಿಪ್ಪೆ ಅರ್ಧ ಸುಲಿದು, ಕೈಗೇ ಕೊಡುತ್ತಿದ್ದಳು. ಮಗಳು ಅದನ್ನು ತಿಂದು, ಸಿಪ್ಪೆಯನ್ನು ಆಕೆಯ ಬುಟ್ಟಿಯ ಮೂಲೆಗೇ ಹಾಕಿ ಬರುತ್ತಿದ್ದಳು. ಈಗ ನೆನೆಸಿಕೊಂಡರೂ ಆ ಹಣ್ಣಿನ ವಾಸನೆ ಮೂಗಿಗೆ ಬರುತ್ತದೆ.

ನಮ್ಮ ಮನೆಯವರು ಮೆಕ್ಯಾನಿಕ್. ಸಂಡೂರಿನ ಗುಡ್ಡದಿಂದ ಅದಿರು ಹೇರಿಕೊಂಡು ಇಳಿಯುವ ಟಿಪ್ಪರ್‌ಗಳನ್ನು ಗಾದಿಗನೂರಿನ ಹತ್ತಿರದ ಒಂದು ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿದ್ದರು. ಸಂಜೆ ಮನೆಗೆ ಬಂದರೆ ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕೆಂಪು. ಅಂಗಿ ಒಗೆದ ನೀರು ಮೂರನೇ ಸಲಕ್ಕೂ ತಿಳಿಯಾಗುತ್ತಿರಲಿಲ್ಲ. ಒಂದು ದಿನ ಗುಡ್ಡದ ಮೇಲೆ ಆ ಗಣಿ ನಿಂತಿತು, ಹಿಂದೆಯೇ ಶೆಡ್ಡಿನ ಬಾಗಿಲೂ ಮುಚ್ಚಿತು. ನಾಲ್ಕು ತಿಂಗಳು ಅವರು ಅಲ್ಲಿ ಇಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ದಿನ ದೂಡಿದರು. ಅಷ್ಟರಲ್ಲಿ ಒಡಿಶಾದ ಒಂದು ಗಣಿಯಿಂದ ಕರೆ ಬಂತು. ಇದೇ ಕೆಲಸ, ಸಂಬಳ ಇಲ್ಲಿಯದಕ್ಕೆ ಒಂದೂವರೆ ಪಟ್ಟು.

ನಮ್ಮ ಮನೆಯವರಿಗೆ ಯಾವುದನ್ನೂ ಬರೆಯದೆ ಯೋಚನೆ ಮಾಡಲು ಬರುವುದಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು, ಬೆನ್ನಿನ ಮೇಲೆ ನಡುವೆ ಗೀಟೆಳೆದರು. ಎಡಕ್ಕೆ "ಇಲ್ಲಿ", ಬಲಕ್ಕೆ "ಅಲ್ಲಿ". ಮನೆ ಬಾಡಿಗೆ, ಕರೆಂಟು, ಹಾಲು, ಗ್ಯಾಸು, ಶಾಲೆ ಫೀಸು. ಆ ಊರಿನಲ್ಲಿದ್ದ ಒಬ್ಬ ಗುರುತಿನವರಿಗೆ ಫೋನ್ ಮಾಡಿ ಮಾಡಿ ಬಲಗಡೆ ತುಂಬಿದರು. ಬಟ್ಟೆ ಸೋಪನ್ನೂ ಬಿಡಲಿಲ್ಲ. ಅಲ್ಲಿಯೂ ಇದೇ ಕೆಂಪು ಧೂಳಂತೆ, ಆದ್ದರಿಂದ ಸೋಪು ಎರಡೂ ಕಡೆ ಸಮ. ನಲ್ಲಿ ನೀರು ಇಲ್ಲಿ ಬಂದಾಗ ಬಂತು, ಅಲ್ಲಿ ದಿನವೂ ಉಂಟು. ಅಕ್ಕಿ ಅಂತ ಬಂದಾಗ ನಾನು ಬಾಯಿ ಹಾಕಿದೆ.

"ಅಕ್ಕಿ ಕಂಪ್ಲಿಯಿಂದ ಬರ್ತೈತಲ್ರೀ, ನಮ್ಮವ್ವ ಕಳಿಸ್ತಾಳ. ಅದಕ್ಕೇನ್ ಬರೀತೀರಿ?"

ಎಡಗಡೆ ಒಂದು ಸೊನ್ನೆ ಬರೆದರು. ಬಲಗಡೆ ರೇಟು ಬರೆದರು. ಆದರೂ ಕೂಡಿಸಿದರೆ ಬಲಗಡೆಯೇ ಗೆದ್ದಿತು.

ಮೂರನೆಯದೂ ಒಂದು ದಾರಿ ಇತ್ತು. ಅವರೊಬ್ಬರೇ ಹೋಗುವುದು, ನಾನೂ ಮಗಳೂ ಹೊಸಪೇಟೆಯಲ್ಲೇ ಇರುವುದು. ನಮ್ಮ ಓಣಿಯಲ್ಲಿ ಹಾಗೆ ಹೋದವರು ಇದ್ದರು. ದೀಪಾವಳಿಗೆ ಬಂದಾಗ ಅವರ ಮಕ್ಕಳು ಅವರನ್ನು ನೋಡಿ ತಾಯಿಯ ಸೆರಗಿನ ಹಿಂದೆ ಸರಿಯುತ್ತಿದ್ದವು. ಮನೆಯವರು ಅದನ್ನೂ ಬರೆದು ನೋಡಿದರು. "ಎರಡು ಕಡೆ ಒಲಿ ಹಚ್ಚಿದ್ರ ಉಳಿಯೋದು ಬೂದಿನ" ಅಂದರು.

"ಎಲ್ಲಾ ಬರದ್ರಿ. ಕೊಸರು ಎಲ್ಲೈತಿ ಇದರಾಗ?" ಅಂದೆ.

ಅವರು ತಮಾಷೆ ಮಾಡಲಿಲ್ಲ, ಅದೇ ನನಗೆ ಸಿಟ್ಟು ತರಿಸಿದ್ದು. ಪೆನ್ನು ಹಿಡಿದುಕೊಂಡೇ ಕೇಳಿದರು, "ತಿಂಗಳಿಗೆ ಎಷ್ಟಾಗ್ತೈತಿ ಹೇಳು, ಬರೀತೀನಿ."

ಎಷ್ಟಂತ ಹೇಳಲಿ? ಒಂದು ಹಿಡಿ ಕೊತ್ತಂಬರಿ, ನಾಲ್ಕು ಎಸಳು ಕರಿಬೇವು, ಒಂದು ಬಾಳೆಹಣ್ಣು. ಎದ್ದು ಹೋಗಿ ರೊಟ್ಟಿ ಬಡಿಯಲು ಕೂತೆ. ಅವತ್ತಿನ ರೊಟ್ಟಿ ಭಾಳ ತೆಳುವಾಗಿದ್ದವು, ಎಲ್ಲ ಸಿಟ್ಟೂ ಹಿಟ್ಟಿನ ಮೇಲೇ ಹೋಗಿತ್ತು. ನನಗೆ ಬಡತನದ ಹೆದರಿಕೆ ಇರಲಿಲ್ಲ. ಭಾಷೆಯದ್ದೂ ಇರಲಿಲ್ಲ, ಕಲಿತರಾಯಿತು. ನನಗೋಸ್ಕರ ಯಾರೂ ಒಂದು ಹಿಡಿ ಹೆಚ್ಚು ಎತ್ತದ ಊರಿನಲ್ಲಿ ಬಾಳುವುದು ಹೇಗೆ ಅನ್ನುವುದೇ ನನ್ನ ಹೆದರಿಕೆ. ಅದನ್ನು ಅವರಿಗೆ ಬಿಡಿಸಿ ಹೇಳಲು ಆಗ ನನಗೆ ಬರಲಿಲ್ಲ.

ಕೊನೆಗೆ ನಾನೇ ಸೋತೆ. ಮಗಳು ಅಪ್ಪನನ್ನು ಕಂಡು ನನ್ನ ಸೆರಗಿನ ಹಿಂದೆ ಸರಿಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. "ನಡೀರಿ, ಒಲಿ ಒಂದೇ ಇರ್ಲಿ. ಆದ್ರ ಸಂಡೂರು ಕಡೆ ಕೆಲಸ ಬಂದ ದಿನ ನಾವು ವಾಪಸ್ ಬರಬೇಕು. ಅದನ್ನೂ ಬರೀರಿ" ಅಂದೆ. ಪಟ್ಟಿಯ ಅಡಿಯಲ್ಲಿ ಅದನ್ನೂ ಬರೆದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರು.

ಹೊರಡುವ ಮುಂಚಿನ ದಿನ ಬುಕ್ಕಸಾಗರದ ಯಕ್ಕನಿಗೆ ಹೇಳಲು ಹೋದೆ. ಆಕೆ ಬೈದಳು. ಅತ್ತುಗಿತ್ತು ಮಾಡುವಾಕೆ ಅಲ್ಲ, ಬೈಯುವಾಕೆ. "ಇಲ್ಲಿ ನೀರಿಲ್ಲೇನು, ಮಣ್ಣಿಲ್ಲೇನು, ಅಷ್ಟು ದೂರ ಏನ್ ಹುಗದಿಟ್ಟೀರಿ ಅಂತ ಹೊಂಟೀರಿ?" ಅಂದಳು. ಆಮೇಲೆ ಎಂದಿನಂತೆ ತೂಗಿ, ಎಂದಿನಂತೆ ಹಿಡಿ ತುಂಬ ಹಾಕಿ, "ಹೋಗಿ ಬಾ. ನಿನ್ನ ಕೊಸರು ನನ್ನ ಬುಟ್ಟ್ಯಾಗ ಇರ್ತೈತಿ" ಅಂದಳು. ಮಗಳಿಗೆ ಅವತ್ತು ಎರಡು ಹಣ್ಣು. ಆಗ ಆಕೆಗೆ ಐದು ವರ್ಷ.

ರೈಲು ಗಾದಿಗನೂರು ದಾಟುವಾಗ ಮನೆಯವರು ಶೆಡ್ಡಿದ್ದ ಕಡೆ ನೋಡಿದರು. ಕರಡಿಧಾಮ ಇರುವ ದರೋಜಿ ಬಂದಾಗ ಮಗಳು ಕರಡಿ ಕಾಣುತ್ತದೆಂದು ಕಿಟಕಿಗೆ ಮೂಗು ಒತ್ತಿ ಕೂತಳು. ಹಗಲಿನಲ್ಲಿ ರೈಲಿಗೆ ಕಾಣುವ ಕರಡಿ ಯಾವುದಿದೆ? ಬಂಡೆಗಲ್ಲುಗಳನ್ನೇ ಕರಡಿ ಎಂದು ತೋರಿಸಿ ಸುಮ್ಮನಾಗಿಸಿದೆ. ಆಮೇಲೆ ಬಂಡೆಗಳೂ ಮುಗಿದವು.

ಆ ಊರಿಗೆ ಹೋದ ಮೊದಲ ವಾರದಲ್ಲೇ ನಾನೊಂದು ಘನಂದಾರಿ ಕೆಲಸ ಮಾಡಿದೆ. ವಾರದ ಸಂತೆ. ತರಕಾರಿಯವನು ಆಲೂಗಡ್ಡೆ ತೂಗಿ ಚೀಲಕ್ಕೆ ಸುರಿದ. ದುಡ್ಡು ಕೊಟ್ಟೆ. ಚೀಲದ ಬಾಯಿ ಅಗಲಿಸಿ ಹಿಡಿದು, ಮುಖ ಅತ್ತ ತಿರುಗಿಸಿ ನಿಂತೆ. ಮಾತಾಡಲು ಭಾಷೆ ಇಲ್ಲ, ಸುಮ್ಮನೆ ಆಕಾಶ ನೋಡಿದೆ. ಅವನು ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಅವನು ಏನೋ ಕೇಳಿದ. ನಾನು ಚೀಲವನ್ನು ಇನ್ನಷ್ಟು ಅಗಲಿಸಿದೆ. ಅವನ ಮುಖ ಕೆಂಪಾಯಿತು. ಚೀಲವನ್ನು ನನ್ನ ಕೈಯಿಂದ ಇಸಿದುಕೊಂಡು, ಆಲೂಗಡ್ಡೆಯನ್ನೆಲ್ಲ ತಕ್ಕಡಿಗೆ ಸುರಿದು, ಬೊಟ್ಟು ತೋರಿಸುತ್ತ ದೊಡ್ಡ ದನಿಯಲ್ಲಿ ಮತ್ತೆ ತೂಗಿದ. ಆಗ ತಿಳಿಯಿತು, ತೂಕದಲ್ಲಿ ಮೋಸ ಮಾಡಿದ್ದಾನೆಂದು ನಾನು ಪಟ್ಟು ಹಿಡಿದು ನಿಂತಿದ್ದೇನೆ ಅಂದುಕೊಂಡಿದ್ದಾನೆ. ಸುತ್ತ ಜನ ಸೇರಿದರು. ತೂಕ ಸರಿ ಇತ್ತು, ಸರಿಯಾಗಿಯೇ ಇರುತ್ತದೆ, ಅದು ಯಾಪಾರ. ನಾನು ತಲೆ ತಗ್ಗಿಸಿ ಮನೆಗೆ ಬಂದೆ.

ಪಕ್ಕದ ಕ್ವಾರ್ಟರ್ಸಿನಾಕೆ ಅದೇ ಸೀಮೆಯವಳು, ನನ್ನ ವಾರಿಗೆಯವಳು. ನನ್ನ ಅರೆಬರೆ ಹಿಂದಿಯಲ್ಲಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊಸರು ಅವರಲ್ಲೂ ಉಂಟಂತೆ. ಆದರೆ ಬಾಯಿಬಿಟ್ಟು ಕೇಳಬೇಕಂತೆ, ನಗುನಗುತ್ತ ಜಗಳ ಮಾಡಿ ಇಸಿದುಕೊಳ್ಳಬೇಕಂತೆ. ಅದಕ್ಕೆ ಬೇಕಾದ ಮಾತನ್ನು ನನಗೆ ಕಲಿಸಿದಳು. ಅಡುಗೆ ಮಾಡುತ್ತ ಹತ್ತು ಸಲ ಹೇಳಿಕೊಂಡೆ, ಬಂತು. ಸಂತೆಯಲ್ಲಿ ಮಾತ್ರ ನಾಲಿಗೆ ಏಳಲಿಲ್ಲ. ಅವ್ವನ ಕಾನೂನು ಗಂಟಲಲ್ಲಿ ಕೂತಿತ್ತು. ಕೇಳಿದರೆ ಅದು ತಿರುಪೆ. ಅವತ್ತಿನಿಂದ ತೂಕ ಆದ ಕೂಡಲೇ ಚೀಲದ ಬಾಯಿಯನ್ನು ಎರಡು ಸುತ್ತು ತಿರುವಿ, ಮುಂಗೈಗೆ ಸಿಕ್ಕಿಸಿಕೊಂಡು ನಡೆದುಬಿಡುವುದನ್ನು ರೂಢಿ ಮಾಡಿಕೊಂಡೆ. ಅವಮಾನ ಆಗದಿದ್ದರೆ ಸಾಕಾಗಿತ್ತು.

ಆ ಊರಿನ ಮೇಲೆ ನಾನು ಸುಳ್ಳು ಹೇಳಬಾರದು. ನೀರಿನ ಕೊಡ ಹೊರುವುದು ತಪ್ಪಿತು. ಕೈಯಲ್ಲಿ ನಾಲ್ಕು ಕಾಸು ನಿಂತಿತು, ಮಗಳ ಓದಿಗೆ ಅಂತ ಒಂದಿಷ್ಟು ತೆಗೆದಿಟ್ಟೆವು. ಪಕ್ಕದ ಮನೆಯಾಕೆ ನನಗೆ ಜ್ವರ ಬಂದಾಗ ಮೂರು ದಿನ ಅಡುಗೆ ಮಾಡಿ ತಂದುಕೊಟ್ಟಳು. ನಾವು ತಂಗಳನ್ನಕ್ಕೆ ಮಜ್ಜಿಗೆ ಹಾಕಿ ಉಣ್ಣುವ ಹಾಗೆ ಅವರೂ ಅನ್ನವನ್ನು ನೀರಿನಲ್ಲಿ ನೆನೆಸಿ ಉಣ್ಣುತ್ತಾರೆ, ಅದು ನಮಗೂ ಹಿಡಿಸಿತು. ಅಕ್ಕಿ ಮಾತ್ರ ಕುದಿಸಿ ಒಣಗಿಸಿದ ದಪ್ಪಕ್ಕಿ, ಎರಡು ವರ್ಷ ಗಂಟಲಿಗೆ ಒಗ್ಗಲಿಲ್ಲ. ಮಂಡಾಳಿನ, ಅಂದರೆ ಮಂಡಕ್ಕಿಯ, ಒಗ್ಗರಣಿಯದ್ದಂತೂ ದೊಡ್ಡ ಕಥೆ. ಅಲ್ಲಿ ಮಂಡಾಳಿಗೆ ಬರವಿಲ್ಲ, ಮನೆಮನೆಯಲ್ಲೂ ತಿನ್ನುತ್ತಾರೆ. ಹೊಸಪೇಟೆಯಲ್ಲಿ ಮಾಡುವ ಹಾಗೆ ನೀರಿನಲ್ಲಿ ತೊಯ್ಸಿ ಹಿಂಡಲು ಹೋದೆ, ಅಲ್ಲಿಯ ಮಂಡಾಳು ಮೆತ್ತಗಿನದು, ಕರಗಿ ಕೈಯಲ್ಲಿ ಅಂಟು ಉಳಿಯಿತು. ಒಗ್ಗರಣೆ ಹಾಕಿ ತಾಟಿಗೆ ಬಡಿಸಿದೆ. ಮನೆಯವರು ಕೊನೆಯವರೆಗೂ ತಿಂದು, "ಗಂಜಿ ಚಲೋ ಆಗೈತಿ" ಅಂದರು. ಆ ದಿನ ನಗುತ್ತ ನಗುತ್ತ ನಾನು ಅತ್ತೆ. ಮಿರ್ಚಿ ಬಜ್ಜಿ ಇಲ್ಲದ, ಎಲ್ಲರೂ ಒಗ್ಗರಣಿ ತರಲು ಓಣಿಯ ಹೋಟೆಲ್ಲಿಗೆ ಡಬ್ಬಿ ಹಿಡಿದು ಹೋಗದ ಬೆಳಗುಗಳು ಒಂದರ ಹಿಂದೊಂದು ಕಳೆದವು.

ಹೀಗೆ ಎಂಟು ವರ್ಷ. ನಡುವೆ ಊರಿಗೆ ಬಂದರೂ ಕಂಪ್ಲಿಯಲ್ಲಿ ಅವ್ವನ ಮನೆ, ಒಂದು ಮದುವೆ, ಒಂದು ತಿಥಿ, ಅಷ್ಟಕ್ಕೇ ರಜೆ ಮುಗಿಯುತ್ತಿತ್ತು. ಹೊಸಪೇಟೆ ರೈಲು ಇಳಿಯುವ, ರೈಲು ಹತ್ತುವ ಊರಾಗಿ ಉಳಿಯಿತು.

ಈ ಬೇಸಿಗೆಗೆ ಮುಂಚೆ ಮನೆಯವರ ಹಳೆಯ ಸೂಪರ್‌ವೈಸರ್ ಫೋನ್ ಮಾಡಿದರು. ಸಂಡೂರಿನಲ್ಲಿ ಆ ಗಣಿ ಬೇರೆಯವರ ಕೈಗೆ ಹೋಗಿ ಮತ್ತೆ ಶುರುವಾಗಿದೆ, ಗಾದಿಗನೂರಿನ ಶೆಡ್ಡು ತೆರೆಯುತ್ತಿದ್ದಾರೆ, ಬರುತ್ತೀರಾ ಎಂದು. ಸಂಬಳ ಅಲ್ಲಿಯದಕ್ಕಿಂತ ಕಡಿಮೆ. ನಮ್ಮವರು ರೇಷನ್ ಕಾರ್ಡಿನ ಕವರಿನಿಂದ ಆ ಹಾಳೆ ತೆಗೆದರು. ಮಡಿಕೆಗಳ ಮೇಲೆ ಹರಿದಿತ್ತು. ಅಡಿಯಲ್ಲಿ ಬರೆದದ್ದನ್ನು ಇಬ್ಬರೂ ಓದಿದೆವು.

"ಬರದಿದ್ದು ಖರೆ. ಆದ್ರ ಈಗಿನ ರೇಟು ನೋಡಬೇಕಲ್ಲ. ನೀ ಹೋಗಿ ನೋಡ್ಕೊಂಡು ಬಾ. ಮಗಳು ಬರೋ ವರ್ಷ ಒಂಬತ್ತನೇ ಕ್ಲಾಸು, ಆಮ್ಯಾಲ ಆಕಿನ್ನ ಕದಲ್ಸಂಗಿಲ್ಲ. ಬಂದ್ರ ಈಗ, ಇಲ್ಲಾಂದ್ರ ಇಲ್ಲ" ಅಂದರು.

ಹಾಗೆ ಮಗಳನ್ನು ಕರೆದುಕೊಂಡು, ಹೊಸ ಹಾಳೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಅವ್ವನ ಮನೆಯಲ್ಲಿ ಇಳಿದು ಮೂರು ದಿನ ಹೊಸಪೇಟೆ ಸುತ್ತಿದೆ. ಸುತ್ತಿದಷ್ಟೂ ಹೊಟ್ಟೆ ಉರಿಯಿತು. ನಾವಿದ್ದ ಓಣಿಯಲ್ಲೇ ಬಾಡಿಗೆ ಎರಡರಷ್ಟಾಗಿದೆ. ಒಬ್ಬ ಮನೆ ಮಾಲೀಕರಂತೂ ಕುಂದ್ರಿ ಅಂತ ಕೂಡ ಅನ್ನದೆ, "ಹಂಪಿ ನೋಡಾಕ ಬರೋರಿಗೆ ದಿನದ ಲೆಕ್ಕಕ್ಕ ಕೊಟ್ರ ಇದರ ಮೂರು ಪಟ್ಟು ಬರ್ತೈತ್ರಿ, ನಿಮಗ ಯಾಕ ಕೊಡಬೇಕು?" ಅಂದರು. ನಾನೇನು ವಿರೂಪಾಕ್ಷನ ಗುಡಿ ನೋಡದೆ ಬೆಳೆದವಳೇ? ನಮ್ಮೂರಿನಲ್ಲಿ ನಮಗೇ ಜಾಗ ಇಲ್ಲ ಅನ್ನಿಸಿಕೊಂಡು ಬಂದೆ. ಶಾಲೆಯ ಫೀಸು ಕೇಳಿ, ನಂಬದೆ ಎರಡನೇ ಸಲ ಕೇಳಿದೆ, ಅದೇ ಹೇಳಿದರು. ನೀರು ಆಗಿನ ಹಾಗೆಯೇ, ಬಂದಾಗ ಬಂತು. ಕೊನೆಗೆ ಕಾಲುವೆಯ ಹತ್ತಿರ ಎರಡು ಕೋಣೆಯ ಒಂದು ಮನೆ ಸಿಕ್ಕಿತು. ಅದೂ ತುಟ್ಟಿಯೇ, ಮಾಲಕಿ ಮಾತ್ರ ಚಹಾ ಕೊಟ್ಟು ಮಾತಾಡಿಸಿದಳು. ಎಲ್ಲ ಬರೆದುಕೊಂಡೆ. ಕೂಡಿಸಿ ನೋಡಿದರೆ ಎಡಗಡೆ ಮತ್ತೆ ಸೋತಿತ್ತು, ಈ ಸಲ ಹೀನಾಯವಾಗಿ. ಬರುವುದು ಬೇಡ ಎಂದು ಹೇಳಿಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಕಂಪ್ಲಿ ಬಸ್ಸಿಗೆ ಹೊತ್ತಿತ್ತು. ಅವ್ವನಿಗೆ ಮೆಣಸಿನಕಾಯಿ ಒಯ್ಯೋಣವೆಂದು ಮಾರ್ಕೆಟ್ಟಿಗೆ ಹೋದೆವು. ಅದೇ ಜಾಗದಲ್ಲಿ ಯಕ್ಕ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎದುರಿಗೆ ತಕ್ಕಡಿಯ ಬದಲು ಅಂಕಿ ತೋರಿಸುವ ಕರೆಂಟಿನ ತೂಕ, ಪಕ್ಕದಲ್ಲಿ ಫೋನಿನಿಂದ ದುಡ್ಡು ಹಾಕುವ ಚೀಟಿ. ನನ್ನನ್ನು ಕಣ್ಣೆತ್ತಿ ನೋಡಲಿಲ್ಲ. ನಾಲ್ಕಾರು ಜನ ಮುತ್ತಿಕೊಂಡಿದ್ದರು. ಇರಲಿ, ಆಮೇಲೆ ಮಾತಾಡಿಸಿದರಾಯಿತು ಅಂದುಕೊಂಡು ಅರ್ಧ ಕಿಲೋ ಮೆಣಸಿನಕಾಯಿ ಕೇಳಿದೆ. ತೂಗಿದಳು, ಹೆಚ್ಚು ಬಿದ್ದ ಎರಡನ್ನು ಹೆಕ್ಕಿ ತೆಗೆದಳು, ಚೀಲಕ್ಕೆ ಸುರಿದಳು. ಫೋನಿನಲ್ಲಿ ದುಡ್ಡು ಹಾಕಿದೆ. ಚೀಲದ ಬಾಯಿ ಎರಡು ಸುತ್ತು ತಿರುವಿ ಮುಂಗೈಗೆ ಸಿಕ್ಕಿಸಿಕೊಂಡು, ಜನ ಕರಗಲಿ ಎಂದು ಪಕ್ಕಕ್ಕೆ ಸರಿದೆ.

"ಯಾವೂರಾಕಿ ಬೇ ನೀನು?" ಹಿಂದಿನಿಂದ ದನಿ ಬಂತು. "ಕೊಸರು ಬ್ಯಾಡಾದಾಕಿ?"

ತಿರುಗಿದೆ. ಆಕೆಯ ಕೈ ಹಿಡಿ ತುಂಬ ಮೆಣಸಿನಕಾಯಿ ಹಿಡಿದುಕೊಂಡು ಗಾಳಿಯಲ್ಲೇ ನಿಂತಿತ್ತು. ಹಾಕಲು ಚೀಲವಿರಲಿಲ್ಲ.

ಆಗ ನನ್ನ ಮುಖ ನೋಡಿದಳು. "ಅಯ್ಯ ನನ್ನವ್ವ, ನೀನೇನು! ನಮ್ಮಾಕಿ ಆಗಿ ಚೀಲ ಕಟ್ಟಿದ್ಯಲ್ಲೇ? ಅಲ್ಲಿ ಇದನ್ನ ಕಲಿಸಿ ಕಳಿಸ್ಯಾರೇನು ನಿನಗ?" ನಗುತ್ತಿದ್ದಳು. ನನಗೆ ನಾಚಿಕೆಯಾಯಿತು. ಚೀಲ ಬಿಡಿಸಲು ಹೋದರೆ ತಿರುವಿದ್ದು ಬಿಚ್ಚಿಕೊಳ್ಳಲಿಲ್ಲ, ಕಣ್ಣು ಬೇರೆ ಮಂಜಾಗಿತ್ತು. ಆಕೆಯೇ ಎದ್ದು ಬಂದು ಬಿಚ್ಚಿದಳು. ಮೆಣಸಿನಕಾಯಿ ಹಾಕಿದಳು, ಮೇಲೆ ಕರಿಬೇವು ಹಾಕಿದಳು, ಸಾಲದೆಂದು ಕೊತ್ತಂಬರಿಯ ಒಂದು ಕಟ್ಟನ್ನೇ ತುರುಕಿದಳು. "ಎಂಟು ವರ್ಷದ್ದು ಐತಿ, ಹಿಡಿ" ಅಂದಳು.

ಆಮೇಲೆ ಮಗಳ ಕಡೆ ತಿರುಗಿ, ಗೊನೆಯಿಂದ ಒಂದು ಸುಗಂಧಿ ಹಣ್ಣು ಮುರಿದು, ಸಿಪ್ಪೆ ಅರ್ಧ ಸುಲಿದು ಚಾಚಿದಳು. ನನ್ನ ಮಗಳು ಹಣ್ಣು ಮುಟ್ಟಲಿಲ್ಲ. ಪರ್ಸಿನ ಜಿಪ್ ಎಳೆದು ಭಾಳ ಮರ್ಯಾದೆಯಿಂದ ಕೇಳಿದಳು.

"ಎಷ್ಟು, ಆಂಟಿ?"

ಯಕ್ಕನ ನಗು ನಿಂತಿತು. ಹಣ್ಣು ಹಿಡಿದ ಕೈ ಹಾಗೆಯೇ ಚಾಚಿಕೊಂಡಿತ್ತು. ತಪ್ಪೇನಾಯಿತು ಎಂದು ತಿಳಿಯದೆ ಮಗಳು ನನ್ನ ಮುಖ ನೋಡಿದಳು. "ಇಸ್ಕೋ, ಇದಕ್ಕ ರೊಕ್ಕ ಇಲ್ಲ" ಅಂದೆ. ಇಸಿದುಕೊಂಡಳು, ಥ್ಯಾಂಕ್ಸ್ ಹೇಳಿದಳು, ತಿಂದಳು. ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಬಂದಳು.

ಕಂಪ್ಲಿ ಬಸ್ಸಿನಲ್ಲಿ ಕೂತು ಮನೆಯವರಿಗೆ ಫೋನ್ ಮಾಡಿದೆ.

"ಎಲ್ಲಾ ನೋಡಿದೇನು? ಪಟ್ಟಿ ಏನಂತೈತಿ?" ಅಂದರು.

"ಪಟ್ಟಿ ಬ್ಯಾಡ ಅಂತೈತಿ. ಬಾಡಿಗಿ ತುಟ್ಟಿ, ಫೀಸು ತುಟ್ಟಿ, ನೀರಿಂದು ಹಳೇ ಹಾಡು. ಆದ್ರೂ ಬರೋಣ್ರೀ." ಆಮೇಲೆ ಮಾರ್ಕೆಟ್ಟಿನಲ್ಲಿ ಆದದ್ದನ್ನು ಹೇಳಿದೆ, ನನ್ನ ಚೀಲದ್ದು, ಮಗಳ ಪರ್ಸಿನದ್ದು. "ನನಗಾದ್ರೂ ಮರತಿತ್ತು, ನೆನಪಾತು. ಆಕಿಗೆ ಗೊತ್ತೇ ಇಲ್ಲ. ಇನ್ನೆರಡು ವರ್ಷ ಬಿಟ್ರ ಕೊಡೋರು ಕೊಟ್ರೂ ಆಕಿಗೆ ಇಸ್ಕೊಳ್ಳಾಕ ಬರಂಗಿಲ್ರೀ."

ಆ ಕಡೆ ಹಾಳೆ ಮಡಚಿದ ಸದ್ದಾಯಿತು.

"ಕೊಸರು ಎಷ್ಟು ಹಾಕಿದ್ಳು?" ಅಂದರು.

ಚೀಲದೊಳಗೆ ಬಗ್ಗಿ ನೋಡಬಾರದು ಅನ್ನುವುದು ಅವ್ವನ ಕಾನೂನು. ನೋಡಲಿಲ್ಲ. "ಚೀಲ ಮುಚ್ಚಾಕ ಬರವಲ್ದು" ಅಂದೆ.

"ಹಂಗಾರ ನಾಳೆ ಹೋಗಿ ಆ ಕಾಲುವಿ ಮನಿಗೆ ಅಡ್ವಾನ್ಸ್ ಕೊಟ್ಟು ಬಾ" ಅಂದರು.